ಕೊಟ್ಟುಬಿಟ್ಟ ಕೌದಿ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಗಣಿತ ಕಲಿಸುವವರಿಗೆ ಅದು ಇರಬೇಕಾದದ್ದೇ ಎಂದು ಬಹಳ ವರ್ಷ ನಂಬಿಕೊಂಡಿದ್ದೆ. ಜೆಸ್ವಿಟ್ ಫಾದರ್‌ಗಳು ನಡೆಸುವ ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳ ಕಷ್ಟಸುಖ ನೋಡಿಕೊಳ್ಳಲು ಮೂವರ ತಂಡ ಮಾಡಿದಾಗ, ನನ್ನನ್ನು ಯಾವ ಲೆಕ್ಕದಿಂದ ಸೇರಿಸಿದರೋ ಇವತ್ತಿಗೂ ಬಗೆಹರಿದಿಲ್ಲ. ಉಳಿದಿಬ್ಬರಲ್ಲಿ ಒಬ್ಬರು ಆಪ್ತಸಲಹೆ ಕಲಿತು ಬಂದಿದ್ದ ಫಾದರ್, ಇನ್ನೊಬ್ಬರು ಹುಡುಗಿಯರ ಹಾಸ್ಟೆಲಿನ ವಾರ್ಡನ್. ಆಳಂದದ ಆ ವಾರ್ಡನ್ನನ್ನು ಪ್ರಿನ್ಸಿಪಾಲರೂ ಸೇರಿ ಎಲ್ಲರೂ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು.

ಗುರುವಾರಕ್ಕೊಮ್ಮೆ ಸೇರುತ್ತಿದ್ದೆವು. ಫಾದರ್ ಇಟ್ಟ ನಿಯಮ ಒಂದೇ. ಒಂದು ಮಗುವಿನ ಮೇಲೆ ದೂರು ಹೇಳುವ ಮೊದಲು ಅದರ ನಡತೆಗೆ ಇರಬಹುದಾದ ಒಳ್ಳೆಯ ಅರ್ಥ ಹೇಳಬೇಕು, ಹೊಳೆಯದಿದ್ದರೆ ಹೋಗಿ ಆ ಮಗುವನ್ನೇ ಕೇಳಬೇಕು. ತಮ್ಮ ಸಂಘದ ಹಿರಿಯರು ಹಾಕಿಕೊಟ್ಟ ದಾರಿ ಇದು ಎನ್ನುತ್ತಿದ್ದರು. ನಕಲು ಹೊಡೆದವನಿಗೂ ಒಳ್ಳೆಯ ಅರ್ಥ ಹುಡುಕುತ್ತ ಕೂತರೆ ಪಾಠ ಮಾಡಿದ ಹಾಗೇ ಇತ್ತು ಎಂದು ನಾನು ಒಳಗೊಳಗೇ ನಗುತ್ತಿದ್ದೆ.

ಆ ಗುರುವಾರ ದೂರು ನನ್ನದು. ಎರಡನೇ ವರ್ಷದ ಬಿಎಸ್ಸಿಯಲ್ಲಿ ಗಣಿತಕ್ಕೆ ಎಲ್ಲರಿಗಿಂತ ಮುಂದಿದ್ದ ಇಜೇರಿಯ ಹುಡುಗಿ ಕಿರುಪರೀಕ್ಷೆಯಲ್ಲಿ ಖಾಲಿ ಹಾಳೆ ಕೊಟ್ಟಿದ್ದಳು. ಸೊಕ್ಕು ಎಂದು ತರಗತಿಯ ಎದುರೇ ಬೈದಿದ್ದೆ. ಮರುದಿನ ಹೇಳದೆ ಕೇಳದೆ ಊರಿಗೆ ಹೋಗಿಬಿಟ್ಟಿದ್ದಳು. ಹೋಗುವ ಮುಂಚೆ ಕೈಗಡಿಯಾರ, ನೋಟ್ಸು, ಕಡೆಗೆ ಹೊದೆಯುವ ಕೌದಿಯನ್ನೂ ಜೂನಿಯರ್‌ಗಳಿಗೆ ಹಂಚಿದ್ದಾಳೆ ಎಂದು ಆಪಾ ಹೇಳಿದರು. ಹಾಗಾದರೆ ಒಳ್ಳೆಯ ಅರ್ಥ ಸಿಕ್ಕಿತಲ್ಲ, ಉದಾರ ಬುದ್ಧಿ ಎಂದು ಬರೆದುಕೊಳ್ಳಿ ಎಂದು ನಾನು ಚುಚ್ಚಿದೆ.

"ಮೇಡಂ, ಚಳಿಗಾಲದಾಗ ಅವ್ವ ಹೊಲ್ದ ಕೌದಿ ಯಾರರ ಕೊಡ್ತಾರೇನ್ರಿ?" ಎಂದರು ಆಪಾ.

ಸರಸಂಬಾದಲ್ಲಿ ಹುಟ್ಟಿ ಬೆಳೆದ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಳೆಯ ಸೀರೆ, ಧೋತರ ಪದರು ಪದರಾಗಿ ಹಾಸಿ ಅವ್ವ ತಿಂಗಳುಗಟ್ಟಲೆ ಹೊಲಿದ ಕೌದಿಯನ್ನು ನಮ್ಮ ಕಡೆ ಹರಿದರೂ ಬಿಡುವುದಿಲ್ಲ. ಇನ್ನು ಬೇಕಾಗುವುದಿಲ್ಲ ಎಂದುಕೊಂಡವರು ಮಾತ್ರ ಕೊಟ್ಟಾರು. ತಕ್ಷಣ ಅವಳ ನಂಬರು ಒತ್ತಿದೆ.

ಹುಡುಗಿಯ ಫೋನು ಬಂದ್ ಆಗಿತ್ತು. ಪಕ್ಕದ ಮನೆಯಾಕೆಯ ನಂಬರು ಸಿಕ್ಕಿತು. ಹುಡುಗಿ ಮನೆಯಲ್ಲೇ ಇದ್ದಾಳೆ ಎಂದು ಕೇಳಿ ಹೋದ ಜೀವ ಬಂತು. ಅವಳನ್ನು ಒಬ್ಬಳನ್ನೇ ಬಿಡಬೇಡಿ, ನಾವು ಮೂವರು ಹೊರಟಿದ್ದೇವೆ ಎಂದಷ್ಟೇ ಫಾದರ್ ಹೇಳಿದರು. ಸುದ್ದಿ ಊರ ಬಾಯಿಗೆ ಬೀಳದಿರಲೆಂದು ನಾವು ಯಾರು, ಯಾಕೆ ಬರುತ್ತಿದ್ದೇವೆ ಎಂದು ಬಾಯಿ ಬಿಡಲಿಲ್ಲ.

ಜೇವರ್ಗಿಯಲ್ಲಿ ಆಪಾ ಜೀಪು ನಿಲ್ಲಿಸಿ ತೆಂಗಿನಕಾಯಿ, ಬಾಳೆಹಣ್ಣು, ಹೂವು, ಕುಪ್ಪಸದ ಖಣ ಕೊಂಡರು. ಒಂದು ಮನೆಗೆ ಬರಿಗೈಲಿ ಹೋಗುವುದುಂಟೇ? ಫಾದರ್ ದಾರಿಯುದ್ದಕ್ಕೂ ನನಗೆ ಹೇಳಿದ್ದು ಇಷ್ಟೇ. ಬೈದವರು ನೀವು, ಮೊದಲು ಮಾತಾಡಬೇಕಾದವರೂ ನೀವೇ. ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಇಜೇರಿಯಲ್ಲಿ ಇಳಿದರೆ ಅಂಗಳದಲ್ಲಿ ರಂಗೋಲಿ, ಪಡಸಾಲೆಯಲ್ಲಿ ಜಮಖಾನೆ, ಓಣಿಯ ಹೆಂಗಸರೆಲ್ಲ ಅಲ್ಲೇ. ಹುಡುಗ ಬಂದಿಲ್ಲವೇ ಎಂದು ಪಕ್ಕದ ಮನೆಯಾಕೆ ಜೀಪಿನೊಳಗೆ ಇಣುಕಿದಳು. ಮೂವರು ಹಿರಿಯರು, ಕೈಯಲ್ಲಿ ಕಾಯಿ, ಖಣ. ನಾವು ಹೆಣ್ಣು ನೋಡಲು ಬಂದವರೆಂದು ಊರು ತೀರ್ಮಾನಿಸಿತ್ತು. ಮದುವೆಯೇ ಆಗದ ಫಾದರ್ ಬೀಗರ ಜಾಗದಲ್ಲಿ ಕೂತು, ಮಂಡಕ್ಕಿ ಸುಸಲಾದ ತಟ್ಟೆ ಹಿಡಿದು ಕಣ್ಣು ಪಿಳಿಪಿಳಿ ಬಿಟ್ಟರು. ಅಷ್ಟರಲ್ಲಿ ಹುಡುಗಿ ಯಾರದೋ ಸೀರೆ ಉಟ್ಟು, ತಲೆ ತಗ್ಗಿಸಿ ಚಹಾ ತಂದಳು. ಕಣ್ಣೆತ್ತಿದರೆ ಎದುರಿಗೆ ಗಣಿತದ ಮೇಡಂ. ಫಕ್ಕನೆ ನಕ್ಕಳು. ಆ ನಗು ಅರ್ಧಕ್ಕೇ ಅಳುವಾಯಿತು.

ಆಪಾ ಹುಡುಗಿಯ ತಾಯಿಗೆ ಉಡಿ ತುಂಬುವ ನೆಪದಲ್ಲಿ ಹೆಂಗಸರನ್ನೆಲ್ಲ ಹಿತ್ತಲಿಗೆ ಎಳೆದುಕೊಂಡು ಹೋದರು. ಫಾದರ್ ಕಟ್ಟೆಗೆ ಸರಿದರು. ಬೈದದ್ದು ನನ್ನ ತಪ್ಪು ಎಂದು ಹುಡುಗಿಗೆ ಹೇಳಿದೆ. ಆಮೇಲೆ ಎದೆ ಗಟ್ಟಿ ಮಾಡಿಕೊಂಡೆ.

"ಸಾಯಬೇಕು ಅನಸ್ತದೇನವ್ವ?"

"ಹೌದ್ರಿ. ಭಾಳ ದಿನದಿಂದ ಅನಸಾಕತ್ತದ. ಯಾರೂ ಕೇಳಿದ್ದಿಲ್ರಿ."

ವಾರಗಟ್ಟಲೆ ನಿದ್ದೆ ಇರಲಿಲ್ಲವಂತೆ. ಪ್ರಶ್ನೆಪತ್ರಿಕೆ ಓದಿದರೂ ಒಂದೂ ತಲೆಗೆ ಹತ್ತಲಿಲ್ಲವಂತೆ. ಅವಳ ಒಪ್ಪಿಗೆ ಪಡೆದು ತಾಯಿಗೆ ಹೇಳಿದೆವು. ಬೀಗರಾಗಿ ಬಂದವರು ಅಂದೇ ತಾಯಿ ಮಗಳಿಬ್ಬರನ್ನೂ ಜೀಪಿನಲ್ಲಿ ಕೂರಿಸಿಕೊಂಡು ಕಲಬುರಗಿಯ ಮಾನಸಿಕ ವೈದ್ಯರ ಹತ್ತಿರ ಹೋದೆವು. ವೈದ್ಯರು ಸರಿ ಎಂದ ಮೇಲೆ ಆಪಾ ತಮ್ಮ ಪಕ್ಕದ ಕೋಣೆಯಲ್ಲೇ ಇಬ್ಬರಿಗೂ ಜಾಗ ಮಾಡಿಕೊಟ್ಟರು. ಪರೀಕ್ಷೆ ಮುಂದಕ್ಕೆ ಹೋಯಿತು. ಮಂತ್ರಕ್ಕೆ ಮಾವಿನಕಾಯಿ ಉದುರುವುದಿಲ್ಲ. ಔಷಧಿ, ಫಾದರ್ ಜೊತೆ ಮಾತುಕತೆ ನಡೆದೇ ಇದ್ದವು, ನಾವು ಹೆದರಿಕೊಂಡೇ ಕೂತ ಗುರುವಾರಗಳೂ ಇದ್ದವು.

ಚಳಿ ಏರಿದ ಒಂದು ಮಧ್ಯಾಹ್ನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಲೆಕ್ಕ ಕೇಳಲು ಬಂದಿರಬೇಕು ಎಂದುಕೊಂಡೆ.

"ಮೇಡಂ, ಥಂಡಿ ಭಾಳ ಅದರಿ. ನನ್ನ ಕೌದಿ ತಿರುಗಿ ಕೇಳಿದ್ರ ಆ ಜೂನಿಯರ್ ಹುಡುಗಿ ಬ್ಯಾಸರ ಮಾಡ್ಕೋತಾಳೇನ್ರಿ?"

ನಾನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದೆ, ಈ ವಯಸ್ಸಿನಲ್ಲಿ, ಹುಡುಗರೆಲ್ಲ ನೋಡುತ್ತಿದ್ದಂತೆ. ಹಾಸ್ಟೆಲಿನ ಗೇಟಿನಿಂದಲೇ ಆಪಾಗೆ ಕೂಗಿ ಹೇಳಿದೆ, ಹುಡುಗಿ ಕೌದಿ ಕೇಳ್ಯಾಳ ಎಂದು.