ಅಪ್ಪ ಮುಟ್ಟಬಾರದ ಹಗ್ಗ

ಡಾಕ್ಟರು ಅಪ್ಪನಿಗೆ ಮಾಡಬಾರದ ಕೆಲಸಗಳನ್ನೆಲ್ಲ ಹೇಳಿದ್ದರು. ಬಾವಿಯಿಂದ ನೀರು ಸೇದಬಾರದು, ಭಾರ ಎತ್ತಬಾರದು, ಯಾವುದನ್ನೂ ಬಲ ಹಾಕಿ ಎಳೆಯಬಾರದು. ಮೋಟಾರು ದೋಣಿ ಕೊಳ್ಳಬಾರದು ಎಂದು ಮಾತ್ರ ಹೇಳಿರಲಿಲ್ಲ. ಆಸ್ಪತ್ರೆಯಿಂದ ಬಂದ ಮೂರನೆಯ ತಿಂಗಳಿಗೆ ಅಪ್ಪ ಅದನ್ನು ಕೊಂಡರು.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಕಾಲೇಜಿನ ಕೆಲಸಕ್ಕೆ ಅರ್ಜಿ ಹಾಕಿ, ಮೈಸೂರಿನ ಯಾದವಗಿರಿಯ ನಮ್ಮ ಮನೆಯಲ್ಲಿ ಕಾಯುತ್ತಿದ್ದ ಹುಡುಗಿ. ಅಪ್ಪ ಸರ್ಕಾರದ ಎಂಜಿನಿಯರಾಗಿದ್ದವರು. ಎದೆನೋವು ಬಂದ ಮೇಲೆ ಅವಧಿಗೆ ಮೊದಲೇ ನಿವೃತ್ತಿ ಪಡೆದಿದ್ದರು. ಬೆಳಗಿನಿಂದ ಸಂಜೆಯವರೆಗೆ ಜಗುಲಿಯ ಕುರ್ಚಿಯಲ್ಲಿ ಕೂತು, ಬೀದಿಯಲ್ಲಿ ಹೋಗುವ ಸೈಕಲ್ಲುಗಳ ಚೈನಿನ ಶಬ್ದ ಕೇಳಿ ಯಾವುದಕ್ಕೆ ಎಣ್ಣೆ ಬೇಕು ಎಂದು ಹೇಳುತ್ತಿದ್ದರು. ಅವರ ಮಾತು ಕಡಿಮೆಯಾಗುತ್ತಿದ್ದದ್ದು ನನಗೆ ಗೊತ್ತಾಗುತ್ತಿತ್ತು. ಅವ್ವನಿಗೂ ಗೊತ್ತಾಗುತ್ತಿತ್ತು.

ದೋಣಿ ನಮ್ಮ ಬೀದಿಯ ಕೊನೆಯ ಬಂಗಲೆಯ ದನದ ಕೊಟ್ಟಿಗೆಯಲ್ಲಿತ್ತು. ಸ್ವಾತಂತ್ರ್ಯ ಬಂದಾಗ ಊರು ಬಿಟ್ಟುಹೋದ ಒಬ್ಬ ಇಂಗ್ಲಿಷ್ ದೊರೆ ಅದನ್ನು ಅಲ್ಲಿ ಬಿಟ್ಟಿದ್ದ. ಹತ್ತು ವರ್ಷದಿಂದ ಅದರಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಎತ್ತಿನ ಗಾಡಿಯ ಮೇಲೆ ಅದು ನಮ್ಮ ಹಿತ್ತಲಿಗೆ ಬಂದಾಗ ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡರು.

"ಏನ್ರೀ ಇದು? ಹೆಣ ಹೊರೋ ಪೆಟ್ಗೆ ಇದ್ದಂಗಿದೆ."

"ಬಣ್ಣ ಹೊಡುದ್ರೆ ಪಲ್ಲಕ್ಕಿ ಕಣೇ," ಎಂದರು ಅಪ್ಪ.

"ಪಲ್ಲಕ್ಕಿ ಹೊರೋರು ಯಾರು?"

ದೋಣಿಯ ಹಿಂಬದಿಗೆ ಸಿಕ್ಕಿಸುವ ಎಂಜಿನ್ನನ್ನು ಅಪ್ಪ ತೋರಿಸಿದರು. ಅದರ ತಲೆಯ ಮೇಲೆ ಒಂದು ಚಕ್ರ. ಆ ಚಕ್ರಕ್ಕೆ ಹಗ್ಗ ಸುತ್ತಿ ಒಂದೇ ಉಸಿರಿಗೆ ಜಗ್ಗಿ ಎಳೆದರೆ ಎಂಜಿನ್ ಹೊರಡುತ್ತದೆ. ಇದನ್ನು ಅಪ್ಪ ಬಹಳ ಉತ್ಸಾಹದಿಂದ ವಿವರಿಸಿದರು. ವಿವರಿಸಬಾರದಿತ್ತು. ಅವ್ವ ಹಗ್ಗವನ್ನು ಕೈಗೆ ತೆಗೆದುಕೊಂಡು ನನ್ನ ಕೈಗೆ ಕೊಟ್ಟರು.

"ಇದು ನಿನ್ನ ಹತ್ರ ಇರ್ಲಿ. ನಿಮ್ಮಪ್ಪ ಈ ಹಗ್ಗ ಒಂದ್ಸಲ ಎಳುದ್ರೂ ದೋಣೀನ ಒಲೆಗೆ ಹಾಕ್ತೀನಿ. ಆಮೇಲೆ ನನ್ನ ಅನ್ಬೇಡಿ."

ಅವ್ವ ಹೇಳಿದ್ದನ್ನು ಮಾಡುವವರು. ಮೂರು ತಿಂಗಳ ಹಿಂದೆ ಬಾವಿಕಟ್ಟೆಯ ಹತ್ತಿರ ಅಪ್ಪ ಕುಸಿದಾಗ ಬಿಂದಿಗೆಯ ಹಗ್ಗ ಅವರ ಕೈಯಲ್ಲೇ ಇತ್ತು. ಅದನ್ನು ಬಿಡಿಸಿದವರು ಅವ್ವ.

ದೋಣಿ ಸರಿಹೋಗಲು ಒಂದು ಬೇಸಿಗೆ ಪೂರ್ತಿ ಬೇಕಾಯಿತು. ಅಪ್ಪ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು, ನಾನು ಮಾಡುತ್ತಿದ್ದೆ. ಹಳೆಯ ಬಣ್ಣವನ್ನು ಕೆರೆದು ತೆಗೆದೆ. ಹಲಗೆಗಳ ಸಂದಿಗೆ ಹತ್ತಿಯ ನೂಲನ್ನು ಉಳಿಯಿಂದ ಒತ್ತಿ ತುಂಬಿ, ಮೇಲೆ ಬಿಸಿ ಡಾಂಬರು ಬಳಿದೆ. ಎಂಜಿನ್ನಿನ ಒಂದೊಂದು ಭಾಗವನ್ನೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಪಂಚೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿಟ್ಟೆ. ಪ್ರತಿಯೊಂದಕ್ಕೂ ನಂಬರು ಬರೆದ ಚೀಟಿ ಇಟ್ಟಾಗ ಅಪ್ಪ ನಕ್ಕರು. ಎಲ್ಲ ಜೋಡಿಸಿದ ಮೇಲೆ ಒಂದು ತಿರುಪೂ ಉಳಿಯಲಿಲ್ಲ. ಆಗ ನಗಲಿಲ್ಲ.

ಹಿತ್ತಲಲ್ಲಿ ನೀರು ತುಂಬಿದ ಡ್ರಮ್ಮಿಗೆ ಎಂಜಿನ್ನನ್ನು ಸಿಕ್ಕಿಸಿ ನಾನು ಹಗ್ಗ ಎಳೆದೆ. ಇಪ್ಪತ್ತಕ್ಕೂ ಹೆಚ್ಚು ಸಲ ಎಳೆದಿರಬೇಕು. ಅಪ್ಪನ ಬಲಗೈ ಕುರ್ಚಿಯ ತೋಳಿನ ಮೇಲೆ ಪ್ರತಿ ಸಲವೂ ತಾನೂ ಎಳೆದಂತೆ ಹಿಂದಕ್ಕೆ ಸರಿಯುತ್ತಿತ್ತು. ಕೊನೆಗೆ ಎಂಜಿನ್ ಹೊರಟಿತು. ಡ್ರಮ್ಮಿನ ನೀರು ಎದ್ದು ಅವ್ವ ಒಣಹಾಕಿದ್ದ ಸಂಡಿಗೆಯ ಮೇಲೆ ಬಿತ್ತು. ಆ ದಿನ ಅಪ್ಪ ಎರಡು ಸಲ ಅನ್ನ ಹಾಕಿಸಿಕೊಂಡರು.

ದೋಣಿಯನ್ನು ಕನ್ನಂಬಾಡಿಯ ಹಿನ್ನೀರಿನ ದಡದಲ್ಲಿ, ಅಲ್ಲಿಯ ಒಬ್ಬ ಅಂಬಿಗನ ಕಾವಲಿನಲ್ಲಿ ಇಟ್ಟೆವು. ಅವನು ಹರಿಗೋಲಿನಲ್ಲಿ ಹಳ್ಳಿಯವರನ್ನು ಆಚೆ ದಡಕ್ಕೆ ದಾಟಿಸುತ್ತಿದ್ದ ವಯಸ್ಸಾದ ಮನುಷ್ಯ. ಎಂಜಿನ್ ಮಾತ್ರ ಪ್ರತಿ ಸಲವೂ ಕಾರಿನಲ್ಲಿ ನಮ್ಮ ಜೊತೆ ಮನೆಗೆ ಬರುತ್ತಿತ್ತು. ಭಾನುವಾರಗಳಲ್ಲಿ ನಾನೂ ಅಪ್ಪನೂ ಹೋಗುತ್ತಿದ್ದೆವು. ಹಗ್ಗ ನನ್ನದು, ಚುಕ್ಕಾಣಿ ಅಪ್ಪನದು. ನೀರಿನ ಮೇಲೆ ಅಪ್ಪ ಹೆಚ್ಚು ಮಾತಾಡುತ್ತಿರಲಿಲ್ಲ, ನಾನೂ ಇಲ್ಲ. ಆದರೆ ಅದು ಜಗುಲಿಯ ಮೌನವಾಗಿರಲಿಲ್ಲ. ಸಂಜೆ ಮನೆಗೆ ಬಂದ ಕೂಡಲೇ ಅವ್ವ ಅಪ್ಪನ ಬಲಗೈಯನ್ನು ದೀಪದ ಹತ್ತಿರ ಹಿಡಿದು ಅಂಗೈ ನೋಡುತ್ತಿದ್ದರು. ಹಗ್ಗದ ಗುರುತು ಇದೆಯೋ ಇಲ್ಲವೋ ಎಂದು. ಯಾವ ಭಾನುವಾರವೂ ತಪ್ಪಿಸಲಿಲ್ಲ.

"ಭವಿಷ್ಯ ಹೇಳ್ತೀಯೇನೇ?" ಎಂದು ಅಪ್ಪ ಕೇಳುತ್ತಿದ್ದರು.

"ಆಯಸ್ಸು ಎಷ್ಟಿದೆ ನೋಡ್ತಿದೀನಿ," ಎನ್ನುತ್ತಿದ್ದರು ಅವ್ವ.

ಆ ವರ್ಷದ ಆಯುಧಪೂಜೆಗೆ ಎಂಜಿನ್ನನ್ನು ಅಂಗಳದಲ್ಲಿ ಕಾರಿನ ಪಕ್ಕ ಇಟ್ಟೆವು. ದೋಣಿಯ ಪೆಟ್ಟಿಗೆಯಲ್ಲಿದ್ದ ಸ್ಪ್ಯಾನರು, ಇಕ್ಕಳ, ತಿರುಪುಳಿ ಎಲ್ಲವನ್ನೂ ನಾನೇ ತೊಳೆದು ದೇವರ ಮನೆಯ ಮಣೆಯ ಮೇಲೆ ಜೋಡಿಸಿದೆ. ಬರಿದಾದ ಪಾತ್ರೆಯನ್ನು ಪೂಜೆಗೆ ಇಡಬಾರದೆಂದು ಅವ್ವ ಹೇಳಿದ್ದರಿಂದ ಎಂಜಿನ್ನಿನ ಟ್ಯಾಂಕಿಗೆ ಬಾಯಿಮಟ್ಟ ಪೆಟ್ರೋಲು ತುಂಬಿದೆ. ಆಮೇಲೆ ವಿಭೂತಿಗಟ್ಟಿಯನ್ನು ನೀರಿನಲ್ಲಿ ತೇಯ್ದು ಟ್ಯಾಂಕಿನ ಮುಚ್ಚಳದ ಮೇಲೆ ಮೂರು ಬೆರಳು ಎಳೆದೆ. ಮುಚ್ಚಳದ ನಟ್ಟನಡುವೆ ಒಂದು ಸಣ್ಣ ಗುಳಿಯಿತ್ತು. ಬೊಟ್ಟಿಡಲೆಂದೇ ಮಾಡಿದ ಹಾಗಿತ್ತು. ಕುಂಕುಮ ಉದುರದಿರಲಿ ಎಂದು ಹರಳೆಣ್ಣೆಯಲ್ಲಿ ಕಲಸಿ ಅಲ್ಲಿ ಬೊಟ್ಟಿಟ್ಟೆ.

"ಎಷ್ಟು ಅಚ್ಚುಕಟ್ಟಾಗಿ ಇಟ್ಟಿದೀಯ," ಎಂದರು ಅವ್ವ. ನನಗೂ ಹಾಗೇ ಅನ್ನಿಸಿತ್ತು.

ದಸರೆ ಮುಗಿದ ಭಾನುವಾರ ಅವ್ವ ತಾವೂ ಬರುವುದಾಗಿ ಹೇಳಿದರು. ಅದುವರೆಗೆ ದೋಣಿ ಹತ್ತಿರಲಿಲ್ಲ. ಹಬ್ಬದ ಓಡಾಟದಲ್ಲಿ ಅಪ್ಪನ ಮುಖ ಬಾಡಿದೆ, ತಾವು ಜೊತೆಯಲ್ಲಿರಬೇಕು ಎಂಬುದು ಅವರ ಕಾರಣ. ನಾನು ಹಿಂದಿನ ದಿನವೇ ಪಟ್ಟಿ ಮಾಡಿದೆ: ಚಿತ್ರಾನ್ನ, ಮೊಸರನ್ನ, ಕುಡಿಯುವ ನೀರು, ಅಪ್ಪನ ಮಾತ್ರೆ, ಒಂದು ಹುಟ್ಟು, ಹಗ್ಗ, ಪೆಟ್ಟಿಗೆ. ಒಂದೊಂದರ ಮುಂದೆಯೂ ಗುರುತು ಹಾಕಿಕೊಂಡು ಕಾರಿಗೆ ಇಟ್ಟೆ.

ದಡದಲ್ಲಿ ಅಂಬಿಗ ಅವ್ವನನ್ನು ನೋಡಿ ಎದ್ದು ನಿಂತ.

"ಅಮ್ಮಾವ್ರೂ ಬಂದ್ಬುಟ್ರಾ? ಮಿಷನ್ನು ಕೈ ಕೊಟ್ರೆ ಒಂದ್ ಕೂಗು ಆಕಿ ಬುದ್ಧಿ, ಹರಿಗೋಲು ತತ್ತೀನಿ. ನಮ್ದಕ್ಕೆ ಎಣ್ಣೇನೂ ಬೇಡ, ಮಂಗಳಾರತೀನೂ ಬೇಡ."

"ನಿನ್ ಹರಿಗೋಲು ಸುತ್ತುತ್ತೆ ಕಣಯ್ಯಾ, ಹೋಗಲ್ಲ," ಎಂದರು ಅಪ್ಪ.

ಎಂಜಿನ್ ಮೊದಲ ಎಳೆತಕ್ಕೇ ಹೊರಟಿತು. ಅವ್ವ ಎರಡೂ ಕೈಯಲ್ಲಿ ದೋಣಿಯ ಅಂಚನ್ನು ಹಿಡಿದು ಕೂತಿದ್ದರು. ಸ್ವಲ್ಪ ದೂರ ಹೋದ ಮೇಲೆ ಒಂದು ಕೈ ಬಿಟ್ಟರು, ಆಮೇಲೆ ಬೆರಳನ್ನು ನೀರಿಗೆ ಇಳಿಬಿಟ್ಟರು. ಅಪ್ಪ ಅದನ್ನು ನೋಡಿ ನನ್ನ ಕಡೆ ನೋಡಿದರು. ಕಾಲು ಗಂಟೆ ಹೋಗಿರಬಹುದು, ಎಂಜಿನ್ ಕೆಮ್ಮಿ ನಿಂತಿತು.

ನಾನು ಹಗ್ಗ ಸುತ್ತಿ ಎಳೆದೆ. ಹೊರಡಲಿಲ್ಲ. ಕೈ ಸೋಲುವವರೆಗೆ ಎಳೆದೆ.

"ಪ್ಲಗ್ಗು ಕಪ್ಪು ಕಟ್ಟಿರ್ಬೇಕು. ಬಿಚ್ಚಮ್ಮ," ಎಂದರು ಅಪ್ಪ.

ಪೆಟ್ಟಿಗೆ ತೆಗೆದೆ. ಒಳಗೆ ಒಂದು ತುಂಡು ಒರೆಸುವ ಬಟ್ಟೆ ಇತ್ತು. ಸ್ಪ್ಯಾನರು, ಇಕ್ಕಳ, ತಿರುಪುಳಿ ಎಲ್ಲ ನಾನು ಜೋಡಿಸಿದ ಹಾಗೇ ದೇವರ ಮನೆಯ ಮಣೆಯ ಮೇಲಿದ್ದವು, ಬಾಡಿದ ಸೇವಂತಿಗೆಯ ಕೆಳಗೆ. ಪಟ್ಟಿಯಲ್ಲಿ ಪೆಟ್ಟಿಗೆ ಇತ್ತು. ಪೆಟ್ಟಿಗೆಯ ಒಳಗೆ ಏನಿರಬೇಕೆಂದು ಇರಲಿಲ್ಲ.

"ದೇವ್ರ ಮನೇಲಿವೆ," ಎಂದೆ.

ದಡದ ಅಂಬಿಗ ಕಾಣುತ್ತಿದ್ದ, ಆದರೆ ಕೂಗು ಮುಟ್ಟದಷ್ಟು ದೂರವಿದ್ದ. ಅಷ್ಟರಲ್ಲಿ ಗಾಳಿ ಎದ್ದಿತ್ತು. ನಮ್ಮನ್ನು ಅದು ನಿಧಾನವಾಗಿ ಮುಳುಗಿದ ಮರಗಳ ಕಡೆಗೆ ತಳ್ಳುತ್ತಿತ್ತು. ಅಣೆಕಟ್ಟೆಯ ನೀರು ನಿಂತಾಗ ಸತ್ತ ಮರಗಳು ಅವು. ಚೂಪು ಮೋಟುಗಳು ನೀರಿನ ಮಟ್ಟಕ್ಕೇ ಇದ್ದವು. ಅಪ್ಪ ಅವುಗಳನ್ನೂ ನನ್ನ ಕೈಯನ್ನೂ ನೋಡಿದರು. ನನ್ನ ಅಂಗೈಯ ಚರ್ಮ ಕಿತ್ತುಬಂದಿತ್ತು.

"ಆ ಕಡೆ ಸರಿ. ನಾನು ಒಂದೇ ಒಂದ್ಸಲ ಎಳೀತೀನಿ."

"ಬೇಡ ಅಪ್ಪ."

"ನಿನ್ಗೆ ಶಕ್ತಿ ಸಾಲ್ತಿಲ್ಲ ಕಣಮ್ಮ. ಕೊಡು ಹಗ್ಗ."

ಕೊಡುವ ಮೊದಲೇ ಅವ್ವ ಹಗ್ಗವನ್ನು ಎಳೆದುಕೊಂಡು ಅದರ ಮೇಲೆ ಕೂತುಬಿಟ್ಟರು.

"ಏಳೇ!"

"ಏಳಲ್ಲ."

"ಮರಕ್ಕೆ ಬಡುದ್ರೆ ಮೂವರೂ ಮುಳುಗ್ತೀವಿ."

"ಮುಳುಗೋಣ. ನೀವೊಬ್ರೇ ಹೋಗೋಕೆ ಬಿಡಲ್ಲ."

ಅಪ್ಪ ಹುಟ್ಟಿಗೆ ಕೈ ಹಾಕಿದರು. ಅವ್ವ ಅದನ್ನೂ ಕಿತ್ತುಕೊಂಡು ನೀರಿಗೆ ಹಾಕಿ, ಬೀಸುಕಲ್ಲು ತಿರುಗಿಸುವವರಂತೆ ತಿರುಗಿಸತೊಡಗಿದರು. ದೋಣಿ ಇದ್ದಲ್ಲೇ ಗುಂಡಗೆ ಸುತ್ತಿತು. ಅಪ್ಪನ ಉಸಿರು ಜೋರಾಗಿತ್ತು. ನಾನು ಅದನ್ನು ಎಣಿಸುತ್ತಿದ್ದೆ.

"ಅವ್ವ, ಹಗ್ಗ ನನಗೆ ಕೊಡಿ," ಎಂದೆ. ಅವ್ವ ಸ್ವಲ್ಪವೇ ಎದ್ದು ಕೊಟ್ಟರು. ಎಳೆದಾಗ ಎಂಜಿನ್ ಹೊರಟಿತು! ಮೋಟುಗಳಿಂದ ಸ್ವಲ್ಪ ದೂರ ಹೋದೆವು. ಎರಡು ನಿಮಿಷಕ್ಕೆ ಮತ್ತೆ ನಿಂತಿತು.

ಪ್ಲಗ್ಗು ಕೆಟ್ಟಿದ್ದರೆ ಅಷ್ಟಾದರೂ ಹೇಗೆ ಓಡಿತು? ಸುಮ್ಮನಿದ್ದಾಗ ಏನೋ ತುಂಬಿಕೊಳ್ಳುತ್ತಿತ್ತು, ಓಡಿದಾಗ ಮುಗಿದುಹೋಗುತ್ತಿತ್ತು. ಪ್ರಯೋಗಶಾಲೆಯಲ್ಲಿ ಪಿಪೆಟ್ಟೆಂಬ ಗಾಜಿನ ನಳಿಗೆಯ ಮೇಲಿನ ಬಾಯಿಗೆ ಬೆರಳಿಟ್ಟು ನಿಂತಿರುತ್ತಿದ್ದದ್ದು ನೆನಪಾಯಿತು. ಬೆರಳು ಇರುವವರೆಗೆ ದ್ರವ ಕೆಳಗಿಳಿಯುವುದಿಲ್ಲ. ಗಾಳಿ ಒಳಗೆ ಹೋಗಬೇಕು. ನಾನು ಟ್ಯಾಂಕಿನ ಮುಚ್ಚಳ ನೋಡಿದೆ. ಮೂರು ಬಿಳಿ ಗೆರೆ ಸುಣ್ಣದಂತೆ ಗಟ್ಟಿಯಾಗಿದ್ದವು. ನಡುವಿನ ಗುಳಿಯಲ್ಲಿ ಕೆಂಪು ಬೊಟ್ಟು ಮೇಣದಂತೆ ಕೂತಿತ್ತು. ಆ ಗುಳಿಯ ತಳದಲ್ಲಿ, ಟ್ಯಾಂಕಿಗೆ ಗಾಳಿ ಹೋಗಲು ಸೂಜಿಮೊನೆಯಷ್ಟು ತೂತಿದೆ ಎಂಬುದು ನನಗೆ ಗೊತ್ತಿತ್ತು. ಬೇಸಿಗೆಯಲ್ಲಿ ಅದನ್ನು ತೊಳೆದವಳು ನಾನೇ.

ಮುಚ್ಚಳ ತಿರುಗಿಸಿದಾಗ ಟ್ಯಾಂಕು ಸುಯ್ ಎಂದು ಉಸಿರೆಳೆದುಕೊಂಡಿತು.

"ಅವ್ವ, ಒಂದು ಪಿನ್ನು ಕೊಡಿ."

ಅವ್ವ ತಾಳಿಸರದಲ್ಲಿ ಯಾವಾಗಲೂ ಎರಡು ಮೂರು ಪಿನ್ನು ಸಿಕ್ಕಿಸಿಕೊಂಡಿರುತ್ತಿದ್ದರು. ಏನು, ಯಾಕೆ ಎಂದು ಕೇಳದೆ ಒಂದನ್ನು ಬಿಚ್ಚಿ ಕೊಟ್ಟರು. ನಾನು ಅವರಿಗೆ ಬೆನ್ನು ಮಾಡಿ ಕೂತು ತೂತನ್ನು ಬಿಡಿಸಿದೆ, ಬಾಯಿಟ್ಟು ಊದಿದೆ. ತುಟಿಗೆ ಹರಳೆಣ್ಣೆ ಹತ್ತಿತು.

"ಏನಿತ್ತು?" ಎಂದರು ಅವ್ವ.

"ಕಸ," ಎಂದೆ.

ಅಪ್ಪ ನನ್ನ ಬೆರಳ ತುದಿಯ ಕೆಂಪನ್ನು ನೋಡಿದರು. ಮರುವರ್ಷದ ಆಯುಧಪೂಜೆಯಲ್ಲಿ ನಾನು ವಿಭೂತಿಯ ತಟ್ಟೆ ಹಿಡಿದು ಬಗ್ಗಿದಾಗ ಮುಚ್ಚಳದ ಮೇಲೆ ತಮ್ಮ ಅಂಗೈ ಇಟ್ಟು, "ಈ ಸಲ ಪಕ್ಕಕ್ಕೆ ಇಡೋಣ ಕಣಮ್ಮ," ಎಂದರು. ಅಷ್ಟೇ. ಆ ದಿನ ದೋಣಿಯಲ್ಲಿ ಮುಚ್ಚಳವನ್ನು ತಿರುಗಿಸಿ ಬಿಗಿದೆ.

ನಾನು ಹಗ್ಗ ಸುತ್ತಿ ಎಳೆದೆ. ಎಂಜಿನ್ ಹೊರಟಿತು. ಎರಡು ನಿಮಿಷ ಕಾದೆ, ಐದು ನಿಮಿಷ ಕಾದೆ. ಅದು ನಿಲ್ಲಲಿಲ್ಲ. ಅಪ್ಪ ಚುಕ್ಕಾಣಿಯನ್ನು ನನಗೆ ಬಿಟ್ಟು ಮುಂದೆ ಹೋಗಿ ಅವ್ವನ ಪಕ್ಕ ಕೂತು ಕಣ್ಣು ಮುಚ್ಚಿದರು. ಅವರ ಎದೆ ಏರಿಳಿಯುತ್ತಿದೆಯೇ ಎಂದು ಹುಡುಕಿದೆ. ಆಮೇಲೆ ಅವರ ಕಾಲಿನ ಕಡೆ ನೋಡಿದೆ. ಬಲಗಾಲಿನ ಹೆಬ್ಬೆರಳು ಎಂಜಿನ್ನಿನ ಲಯಕ್ಕೆ ಹಲಗೆಯ ಮೇಲೆ ತಾಳ ಹಾಕುತ್ತಿತ್ತು. ಅವ್ವನೂ ಅದನ್ನೇ ನೋಡುತ್ತಿದ್ದರು.

ದಡದಲ್ಲಿ ಅಂಬಿಗ ಸೊಂಟದ ಮೇಲೆ ಕೈ ಇಟ್ಟು ಕಾಯುತ್ತಿದ್ದ.

"ನಡುನೀರಲ್ಲಿ ನಿಂತ್ಬುಟ್ರಲ್ಲಾ ಬುದ್ಧಿ?"

ಅಪ್ಪ ಬಾಯಿ ತೆರೆದರು, ಆದರೆ ಉತ್ತರ ಕೊಟ್ಟದ್ದು ಅವ್ವ. "ಊಟಕ್ಕೆ ನಿಲ್ಸಿದ್ವಿ ಕಣಪ್ಪ."

"ಅಮ್ಮಾವ್ರೇ ಉಟ್ಟು ಆಕ್ತಿದ್ದಂಗಿತ್ತು?"

"ತಿಂದಿದ್ದು ಕರಗ್ಲಿ ಅಂತ."

ಊಟದ ಕ್ಯಾರಿಯರನ್ನು ಅವನೇ ಎತ್ತಿ ಕಾರಿಗೆ ಇಟ್ಟ. ಅದು ತುಂಬಿದ ಹಾಗೇ ಭಾರವಾಗಿತ್ತು. ಅವನು ಅವ್ವನ ಕಡೆ ನೋಡಿ ನಕ್ಕು ಕಾರಿನ ಬಾಗಿಲು ಹಾಕಿದ.

ಚಿತ್ರಾನ್ನವನ್ನು ಮನೆಗೆ ಬಂದು ತಿಂದೆವು. ನಾನು ಮೊದಲು ದೇವರ ಮನೆಗೆ ಹೋಗಿ ಮಣೆಯ ಮೇಲಿನದನ್ನೆಲ್ಲ ಒಂದೊಂದಾಗಿ ಪೆಟ್ಟಿಗೆಗೆ ತುಂಬಿ, ಅವ್ವನ ಪಿನ್ನನ್ನೂ ಅದರಲ್ಲೇ ಹಾಕಿದೆ. ದೀಪ ಹಚ್ಚಿದ ಮೇಲೆ ಅಪ್ಪ ಅಭ್ಯಾಸದಂತೆ ಬಲಗೈ ಚಾಚಿದರು. ಅವ್ವ ಅದನ್ನು ನೋಡಲಿಲ್ಲ. ಬೆಣ್ಣೆಯ ಬಟ್ಟಲು ತಂದು ನನ್ನ ಮುಂದೆ ಕೂತು ನನ್ನ ಅಂಗೈಗೆ ಸವರಿದರು. ಆಮೇಲೆ ಹುಟ್ಟು ಹಿಡಿದು ಬೊಬ್ಬೆ ಎದ್ದಿದ್ದ ತಮ್ಮ ಕೈಗೂ ಸವರಿಕೊಂಡರು.

"ಈ ಮನೇಲಿ ನೆಟ್ಟಗಿರೋ ಕೈ ನಂದೊಂದೇ," ಎಂದರು ಅಪ್ಪ.

"ಹಂಗೇ ಇರ್ಲಿ," ಎಂದು ಅವ್ವ ಬಟ್ಟಲಿನ ಮುಚ್ಚಳ ಮುಚ್ಚಿದರು. "ಮುಂದಿನ ಭಾನ್ವಾರ ಹುಟ್ಟು ಹಾಕೋದು ಹೆಂಗೆ ಅಂತ ಹೇಳ್ಕೊಡಿ. ಕೂತ್ಕೊಂಡೇ ಹೇಳ್ಕೊಡಿ."