ಆಯಿಲ್ ಜಾಡು ಹಿಡಿಯುವ ಲಿಸಾಂದ್ರು ಮೇಸ್ತ್ರಿ

ಸೆಗಾರ್ಚ ಪಟ್ಟಣಕ್ಕೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ದಕ್ಷಿಣದ ರಸ್ತೆ ಬದಿಯ ಗ್ಯಾರೇಜಿನಲ್ಲಿ ನಿಂತ ಹಳೆಯ ಡೀಸೆಲ್ ಲಾರಿಯ ಅಡಿಯಿಂದ ಎರಡು ಕಾಲುಗಳಷ್ಟೇ ಹೊರಗೆ ಕಾಣುತ್ತಿವೆ. ಅವು ಲಿಸಾಂದ್ರು ಮೇಸ್ತ್ರಿಯ ಕಾಲುಗಳು. ಲಾರಿಯ ಬೆನ್ನ ಮೇಲೆ ಸಾಲು ಸಾಲು ಜೇನುಪೆಟ್ಟಿಗೆಗಳು. ಬಾಗಿಲು ಮುಚ್ಚಿದ ಪೆಟ್ಟಿಗೆಗಳೊಳಗೆ ಹುಳಗಳು ಗುಂಯ್‌ಗುಡುತ್ತಿವೆ. ಎಂಜಿನ್ನಿನ ಕೆಳಗೆ ಆಯಿಲ್ ತೊಟ್ಟಿಕ್ಕುತ್ತಲೇ ಇದೆ.

‘ಮೇಸ್ತ್ರಿ, ಬಿಸಿಲೇರಿದ್ರೆ ನನ್ನ ಹುಳ ಎಲ್ಲಾ ಒಳಗೇ ಬೆಂದು ಹೋಗ್ತವೆ’ ಎನ್ನುತ್ತಾನೆ ಲಾರಿಯ ಯಜಮಾನ ಗ್ರಿಗೋರೆ. ಅಳುವುದೊಂದೇ ಬಾಕಿ.

ಅವನ ಗಾಬರಿಯಲ್ಲಿ ಸುಳ್ಳಿಲ್ಲ. ಡ್ಯಾನ್ಯೂಬ್ ನದಿ ದಂಡೆಯ ಮರಳು ನೆಲದಲ್ಲಿ, ಜೇನಿಗೆ ಹೆಸರಾದ ಸಾಲ್ಕಮ್ ಮರಗಳು ಹೂ ಬಿಟ್ಟಿವೆ. ಸಂಜೆ ಹುಳ ಗೂಡು ಸೇರಿದ ಮೇಲೆ ಪೆಟ್ಟಿಗೆ ಮುಚ್ಚಿ ಹೊರಟು, ಬೆಳಗಾಗುವುದರೊಳಗೆ ತೋಪು ಸೇರಿ ಬಾಗಿಲು ತೆಗೆಯುವುದು ಜೇನಿನವರ ಪದ್ಧತಿ. ಗ್ರಿಗೋರೆಯ ಲಾರಿ ಅರ್ಧ ದಾರಿಯಲ್ಲೇ ಆಯಿಲ್ ಕಾರತೊಡಗಿದೆ. ಹೊಯ್ದಷ್ಟೂ ಹೊರಗೆ ಬಂದಿದೆ. ಇಲ್ಲೇ ಬಾಗಿಲು ತೆಗೆಯೋಣವೆಂದರೆ ಹುಳಗಳು ಈ ಗ್ಯಾರೇಜನ್ನೇ ಮನೆ ಎಂದುಕೊಳ್ಳುತ್ತವೆ, ಕತ್ತಲಾಗುವವರೆಗೆ ಲಾರಿ ಕದಲಿಸುವಂತಿಲ್ಲ. ಎದುರಿಗೇ ಬ್ರೆಡ್ ಅಂಗಡಿ ಬೇರೆ. ಅಲ್ಲಿ ಸಾಲು ನಿಂತವರಿಗೆ ಹುಳ ಮುತ್ತಿದರೆ ಕೇಳುವುದೇ ಬೇಡ! ದಾರಿಯಲ್ಲಿ ಸಿಕ್ಕ ಮೆಕ್ಯಾನಿಕ್ ಒಬ್ಬ, ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು, ಎರಡು ದಿನದ ಕೆಲಸ ಎಂದುಬಿಟ್ಟಿದ್ದಾನೆ.

ಲಿಸಾಂದ್ರು ತೆವಳಿಕೊಂಡು ಹೊರಬರುತ್ತಾರೆ. ‘ಕೆಳಗೆ ಬಿದ್ರೆ ಕೆಳಗೇ ಸೋರ್ತಿದೆ ಅಂತೇನಿಲ್ಲಪ್ಪ. ಮೇಲೆಲ್ಲೋ ಹೊರಡತ್ತೆ, ಫ್ಯಾನ್ ಗಾಳಿಗೆ ಹಿಂದೆ ಹಿಂದೆ ಸರಿದು, ಇನ್ನು ದಾರಿ ಇಲ್ಲ ಅಂದಾಗ ಬೀಳತ್ತೆ. ಮೊದಲು ಅದರ ಮುಖ ತೊಳೆಯೋಣ.’

ಅರವತ್ತು ದಾಟಿದ ಈ ಮನುಷ್ಯ ಒಂದು ಕಾಲಕ್ಕೆ ಸರ್ಕಾರಿ ಟ್ರ್ಯಾಕ್ಟರ್ ಶೆಡ್ಡಿನಲ್ಲಿದ್ದವರು. ಶೆಡ್ಡಿಗೆ ಬೀಗ ಬಿದ್ದಾಗ ಎಲ್ಲರಂತೆ ಸ್ಪೇನ್‌ಗೆ ಹೋಗಿ ಸ್ಟ್ರಾಬೆರಿ ಕಿತ್ತರು, ಸೊಂಟ ಹಾಳು ಮಾಡಿಕೊಂಡು ವಾಪಸಾದರು. ಮಾವನ ಹಳೆಯ ಗಾಡಿಕೊಟ್ಟಿಗೆಯೇ ಈಗ ಅವರ ಗ್ಯಾರೇಜು. ದಿನಕ್ಕೆ ಎರಡೋ ಮೂರೋ ಗಾಡಿ ಬರುತ್ತವೆ. ಎಲ್ಲ ಕಡೆ ಸುತ್ತಾಡಿ, ಹೊಸ ಸಾಮಾನು ಹಾಕಿಸಿ, ಆದರೂ ಸೋರುವುದು ನಿಲ್ಲದೆ ಬಂದವೇ ಹೆಚ್ಚು. ‘ಸೋರೋದು ನಿಂತ್ಮೇಲೆ ನನ್ನ ನೆನಪೂ ನಿಲ್ಲತ್ತೆ’ ಎಂದು ನಗುತ್ತಾರೆ. ‘ಅದೇ ಒಳ್ಳೇದು ಬಿಡಿ. ನನ್ನ ನೆನಪಾಯ್ತು ಅಂದ್ರೆ ಮತ್ತೆ ಸೋರ್ತಿದೆ ಅಂತ.’

ಡೀಸೆಲ್ಲಿನಲ್ಲಿ ಅದ್ದಿದ ಬಟ್ಟೆಯಿಂದ ಎಂಜಿನ್ನನ್ನು ಮೇಲಿಂದ ಕೆಳಗೆ ಒರೆಸುತ್ತಾರೆ. ಒಣಬಟ್ಟೆ ಆಡಿಸುತ್ತಾರೆ. ಆಮೇಲೆ ಕಪಾಟಿನಿಂದ ಕೂಸುಗಳಿಗೆ ಹಚ್ಚುವ ಪೌಡರ್ ಡಬ್ಬಿ ತೆಗೆದು ಎಲ್ಲ ಕಡೆ ಉದುರಿಸುತ್ತಾರೆ. ಕರಿ ಎಂಜಿನ್ನು ಬೆಳ್ಳಗಾಗುತ್ತದೆ. ಗ್ರಿಗೋರೆಯ ಹೆಂಡತಿ ಸಾಬಿನಾ ಪೆಟ್ಟಿಗೆಗಳ ಮೇಲೆ ಹಸಿ ಗೋಣಿ ಹೊದಿಸುತ್ತಿದ್ದವಳು ಬಗ್ಗಿ ನೋಡುತ್ತಾಳೆ. ‘ಅಯ್ಯೋ, ಮದುವೆಗೆ ಹೊರಟಿದ್ಯಾ ಇದು?’

ಎಂಜಿನ್ ಚಾಲೂ ಆಗುತ್ತದೆ. ಲಿಸಾಂದ್ರು ಟಾರ್ಚ್ ಹಿಡಿದು ಕಣ್ಣು ಮಿಟುಕಿಸದೆ ನಿಲ್ಲುತ್ತಾರೆ. ಬಿಳಿ ಪುಡಿಯ ಮೇಲೆ ಒಂದು ಕಪ್ಪು ಗೆರೆ ಮೂಡುತ್ತದೆ, ಮೇಲಿನ ಮುಚ್ಚಳದ ಅಂಚಿನಲ್ಲಿ. ಇನ್ನೊಂದು ಆಯಿಲ್ ಅಳೆಯುವ ಡಿಪ್‌ಸ್ಟಿಕ್ ಬುಡದಲ್ಲಿ. ಮತ್ತೊಂದು ಹಿಂದೆ, ಸೀಲಿನ ಹತ್ತಿರ. ಗ್ರಿಗೋರೆ ತಲೆ ಮೇಲೆ ಕೈ ಹೊತ್ತು ಕೂರುತ್ತಾನೆ. ‘ಮೂರೂ ಹೋಯ್ತಾ?’

‘ಮೂರೂ ಒಂದೇ ರಾತ್ರಿ ಮಾತಾಡ್ಕೊಂಡು ಹೋಗಲ್ಲ ಕಣಯ್ಯಾ. ಒಳಗಿಂದ ಯಾರೋ ತಳ್ತಿದ್ದಾರೆ.’

ಲಿಸಾಂದ್ರು ಆಯಿಲ್ ಹೊಯ್ಯುವ ಬಾಯಿಯ ಮುಚ್ಚಳ ಸಡಿಲಿಸಿದ್ದೇ ತಡ, ಅದು ಬುಸ್ಸೆಂದು ಕೈಯಿಂದ ಹಾರುತ್ತದೆ. ಎಂಜಿನ್ನಿನ ಹೊಟ್ಟೆಯಲ್ಲಿ ಗಾಳಿ ಕಟ್ಟಿಕೊಂಡಿದೆ. ಅದು ಹೊರಗೆ ಹೋಗಬೇಕಾದದ್ದು ಬ್ರೀದರ್ ಪೈಪಿನಲ್ಲಿ. ಎಂಜಿನ್ ನಿಲ್ಲಿಸಿ ಆ ಪೈಪನ್ನು ಬೆರಳಿನಿಂದ ತಡವುತ್ತಾ ಹೋಗುತ್ತಾರೆ. ತುದಿ ಸಿಗುತ್ತದೆ. ತುದಿಗೆ ಗಟ್ಟಿಯಾಗಿ ತುರುಕಿದ ಬಟ್ಟೆ, ಅದರ ಮೇಲೆ ಜೇನುಮೇಣದ ಮೆತ್ತನೆಯ ಮುಚ್ಚಳ. ಇದು ಯಾವ ಮೆಕ್ಯಾನಿಕ್ಕೂ ಮಾಡುವ ಕೆಲಸವಲ್ಲ.

ಗ್ರಿಗೋರೆಯ ಮುಖ ಕೆಂಪಾಗುತ್ತದೆ. ‘ಅದರ ಹೊಗೆ ನೇರ ಕೆಳಗಿನ ಸಾಲಿನ ಗೂಡಿಗೆ ಹೊಡೀತಿತ್ತು ಮೇಸ್ತ್ರಿ. ಹುಳ ರೇಗಾಡ್ತಿದ್ವು. ಪಾಪ ಅನ್ನಿಸ್ತು. ಹೊರಡೋ ಮುಂಚೆ ಮುಚ್ಚಿದೆ.’

ಸಾಬಿನಾ ಸೊಂಟಕ್ಕೆ ಕೈ ಕೊಡುತ್ತಾಳೆ. ‘ನಂಗೆ ಶೀತ ಆಗಿದೆ, ಕಿಟಕಿ ಹಾಕು ಅಂದ್ರೆ ಏಳಲ್ಲ ಈ ಮನುಷ್ಯ. ಹುಳಕ್ಕೆ ವಾಸನೆ ಆಗಲ್ಲ ಅಂತ ಲಾರಿ ಮೂಗೇ ಮುಚ್ಚಿದ್ದಾನೆ ನೋಡಿ ಅಣ್ಣಾ!’

‘ಬೈಬೇಡ ತಾಯಿ. ಪ್ರೀತಿಗೆ ಮಾಡಿದ್ದು’ ಎನ್ನುತ್ತಾರೆ ಲಿಸಾಂದ್ರು. ಬೈಯಲು ಅವರಿಗೆ ಸಮಯವೂ ಇಲ್ಲ. ಬಿಸಿಲು ಆಗಲೇ ಮೊದಲ ಸಾಲಿನ ಪೆಟ್ಟಿಗೆಗಳಿಗೆ ತಾಗಿದೆ, ಒಳಗಿನ ಸದ್ದು ಜೋರಾಗಿದೆ. ಬಟ್ಟೆ ಕಿತ್ತು, ಕೊಳವೆ ತೊಳೆದು, ತುದಿಗೆ ಉದ್ದನೆಯ ರಬ್ಬರ್ ಪೈಪ್ ಸಿಕ್ಕಿಸಿ ಲಾರಿಯ ಬಾಲದವರೆಗೂ ಎಳೆದು ಕಟ್ಟುತ್ತಾರೆ. ಇನ್ನು ಹೊಗೆ ಗೂಡಿನ ಕಡೆ ತಿರುಗುವುದಿಲ್ಲ. ಮತ್ತೆ ಒರೆಸಿ, ಪುಡಿ ಹಾಕಿ, ಆಯಿಲ್ ತುಂಬಿ ಎಂಜಿನ್ ಓಡಿಸುತ್ತಾರೆ. ಮೂವರೂ ಬಗ್ಗಿ ನೋಡುತ್ತಾರೆ. ಮೇಲೆ ಬಿಳಿ, ನಡುವೆ ಬಿಳಿ. ಹಿಂದಿನ ಸೀಲಿನ ಹತ್ತಿರ ಒಂದು ಹನಿ ಮೂಡಿ, ಯೋಚಿಸಿ, ಅಲ್ಲೇ ನಿಲ್ಲುತ್ತದೆ.

‘ಚಳಿಗಾಲಕ್ಕೆ ಬಾ, ಆ ಸೀಲ್ ಬದಲಾಯಿಸೋಣ. ಈಗ ಹೊರಡು, ಹೊರಡು!’

ಸಾಬಿನಾ ಕೊಟ್ಟ ಜೇನಿನ ಬಾಟಲಿ ಅವರ ಕೈಯಲ್ಲಿರುವಾಗಲೇ ಲಾರಿ ತಿರುವು ದಾಟುತ್ತದೆ. ಆಮೇಲೆ ಲಿಸಾಂದ್ರು ಬ್ರೆಡ್ಡು, ಕುರಿಹಾಲಿನ ಚೀಸು, ಹಸಿ ಈರುಳ್ಳಿ ಮುಂದಿಟ್ಟುಕೊಂಡು ಕೂರುತ್ತಾರೆ. ಬ್ರೆಡ್ಡು ಮುರಿದು ಹಾಗೇ ಇಡುತ್ತಾರೆ. ಮುಂದಿನ ಗಾಡಿಯವನು ಬಂದು ಏನೋ ಕೇಳಿದರೆ ಹಾಂ ಹೂಂ ಎನ್ನುತ್ತಾರೆ, ಕಣ್ಣು ಮಾತ್ರ ಮೇಜಿನ ಮೇಲಿನ ಫೋನಿನ ಮೇಲೆ.

ಕೊನೆಗೂ ಅದು ಬಡಿದುಕೊಳ್ಳುತ್ತದೆ. ಸಾಬಿನಾಳ ದನಿ. ‘ತಲುಪಿದ್ವಿ ಅಣ್ಣಾ! ಬಾಗಿಲು ತೆಗೆದ್ವಿ. ಒಂದು ಪೆಟ್ಟಿಗೆನೂ ಹೋಗಿಲ್ಲ, ಎಲ್ಲಾ ಹೂವಿನ ಮೇಲೆ ಬಿದ್ದಿವೆ. ಹುಳದ ಸದ್ದು ಕೇಳಿಸ್ಲಾ?’

‘ಅದು ಆಮೇಲೆ. ಲಾರಿ ಕೆಳಗೆ ಬಗ್ಗಿ ನೋಡು ಮೊದಲು.’

ಆ ಕಡೆ ಕಾಲು ಮರಳಿನಲ್ಲಿ ಹೂತು ನಡೆಯುವ ಸದ್ದು, ಏದುಸಿರು. ‘ನೋಡ್ದೆ ಅಣ್ಣಾ. ಮರಳು ಹಾಗೇ ಇದೆ. ಒಂದೆರಡು ಇರುವೆ ಓಡಾಡ್ತಿವೆ, ಅಷ್ಟೇ.’

‘ಹಾಗಾದ್ರೆ ಈಗ ಕೇಳಿಸಮ್ಮ’ ಎನ್ನುತ್ತಾರೆ ಲಿಸಾಂದ್ರು. ಕಾಯುತ್ತಿದ್ದ ಗಾಡಿಯವನಿಗೆ ಸುಮ್ಮನಿರು ಎಂದು ಕೈಸನ್ನೆ ಮಾಡಿ, ಫೋನನ್ನು ಕಿವಿಗೆ ಒತ್ತಿಕೊಳ್ಳುತ್ತಾರೆ.