ಮೇಲಿನ ಮನೆಯವಳು ಕಲಿಸಿದ ಸಿಗಡಿ

ಹೋಟೆಲಿನಿಂದ ತರಿಸಿದ ಚೈನೀಸ್ ಸಿಗಡಿಯ ಡಬ್ಬಿ ತೆರೆದ ಕೂಡಲೇ ಒಳಗಿರುವ ಸಿಗಡಿಗಳನ್ನು ಎಣಿಸುವ ಕೆಟ್ಟ ಚಾಳಿ ನನಗಿದೆ. ಚಮಚದ ತುದಿಯಿಂದ ಕ್ಯಾಪ್ಸಿಕಂ ಸರಿಸಿ, ಈರುಳ್ಳಿ ಎಬ್ಬಿಸಿ, ಅಡಿಯಲ್ಲಿ ಅಡಗಿ ಕುಳಿತವರನ್ನೂ ಬಿಡದೆ ಜನಗಣತಿಯವರ ಶ್ರದ್ಧೆಯಿಂದ ಎಣಿಸುತ್ತೇನೆ. ಏಳರ ಮೇಲೆ ಎಂದೂ ಹೋದದ್ದಿಲ್ಲ. ಕುಂದಾಪುರದ ಕಡೆ ಹುಟ್ಟಿ, ಬುಟ್ಟಿಗಟ್ಟಲೆ ಸಿಗಡಿ ಸುಲಿದು ಬೆಳೆದವಳಿಗೆ ಏಳು ಸಿಗಡಿ ಎಂದರೆ ಅದು ಊಟವಲ್ಲ, ಅವಮಾನ.

ಹಾಗಾದರೆ ಮನೆಯಲ್ಲೇ ಮಾಡಿಕೊಳ್ಳಬಾರದೇ ಎಂದು ನೀವು ಕೇಳುತ್ತೀರಿ. ಕೇಳಬೇಕಾದ್ದೇ. ಆದರೆ ತೊಡಕು ಇದ್ದದ್ದೇ ಅಲ್ಲಿ.

ನಮ್ಮವರು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಗುಮಾಸ್ತರು. ಕ್ವಾರ್ಟರ್ಸಿನ ಸರದಿ ಬರುವವರೆಗೆ ಮಯೂರ್ ವಿಹಾರದಲ್ಲಿ ಬಾಡಿಗೆಗಿದ್ದೆವು. ಮೆಟ್ರೋ ಇನ್ನೂ ಆ ಕಡೆ ಬಂದಿರಲಿಲ್ಲ, ರಸ್ತೆಯ ನಡುವೆ ಅದರ ಕಂಬಗಳಷ್ಟೇ ಬಂದಿದ್ದವು. ಕೆಳಗೆ ಮನೆಯೊಡತಿ, ನಡುವೆ ನಾವು, ಮೇಲೆ ತಾರಸಿಯಲ್ಲಿ ಒಂಟಿ ಕೋಣೆ. ಮನೆಯೊಡತಿಯನ್ನು ಬೀದಿಯವರೆಲ್ಲ ಆಂಟಿಜಿ ಎನ್ನುತ್ತಿದ್ದರು, ನಾವೂ ಅಂದೆವು. ಮನೆ ನೋಡಲು ಹೋದ ದಿನ ಆಕೆ, "ಸೌತ್ ಇಂಡಿಯನ್ನಾ? ಅಚ್ಛಾ ಅಚ್ಛಾ! ಇಡ್ಲಿ, ಸಾಂಬಾರ್... ಅಂದ್ರೆ ಶುದ್ಧ ಶಾಕಾಹಾರಿ" ಎಂದು ಪ್ರಶ್ನೆಯನ್ನೂ ತಾವೇ ಕೇಳಿ ಉತ್ತರವನ್ನೂ ತಾವೇ ಹೇಳಿಕೊಂಡರು. ನಾವಿಬ್ಬರೂ ನಕ್ಕೆವು. ಸುಳ್ಳು ಹೇಳಲಿಲ್ಲ, ನೋಡಿ. ನಕ್ಕೆವು ಅಷ್ಟೆ. ಆ ಒಂದು ನಗುವಿನ ಮೇಲೆ ನಾಲ್ಕು ವರ್ಷ ಸಂಸಾರ ಮಾಡಿದೆವು.

ವಾಸನೆ ಎಂಬ ಶಬ್ದದ ಬಗ್ಗೆ ನಾನು ಆ ನಾಲ್ಕು ವರ್ಷಗಳಲ್ಲಿ ಯೋಚಿಸಿದಷ್ಟು ಪಂಡಿತರೂ ಯೋಚಿಸಿರಲಾರರು. ಹಿಂದಿನ ಜನ್ಮದಿಂದ ಜೀವಕ್ಕೆ ಅಂಟಿಕೊಂಡು ಬರುವುದಕ್ಕೂ ವಾಸನೆ ಎನ್ನುತ್ತಾರೆ, ಬಾಣಲೆಯಿಂದ ಎದ್ದು ಪಕ್ಕದ ಮನೆಗೆ ಹೋಗುವುದಕ್ಕೂ ವಾಸನೆ ಎನ್ನುತ್ತಾರೆ. ಎರಡನ್ನೂ ಸಾಬೂನು ಹಾಕಿ ತೊಳೆಯಲಾಗುವುದಿಲ್ಲ. ವಾಸಕ್ಕೂ ವಾಸನೆಗೂ ಇರುವುದು ಒಂದೇ ಅಕ್ಷರದ ಅಂತರ. ಆದರೆ ದಿಲ್ಲಿಯಲ್ಲಿ ವಾಸ ಬೇಕಾದವರು ವಾಸನೆಯನ್ನು ಊರಲ್ಲೇ ಬಿಟ್ಟು ಬರಬೇಕು. ಊರಲ್ಲಿ ಮೀನು ಹುರಿದರೆ ಏಳುವುದು ಪರಿಮಳ, ಯಮುನೆ ದಾಟಿದ ಮೇಲೆ ಅದೇ ದುರ್ವಾಸನೆ. ನಡುವೆ ಎಲ್ಲಿ, ಯಾವ ಸ್ಟೇಷನ್ನಿನಲ್ಲಿ ಅದು ಹೆಸರು ಬದಲಾಯಿಸಿತೋ ನನಗೆ ಗೊತ್ತಾಗಲಿಲ್ಲ.

ಚೈನೀಸ್ ನಮ್ಮ ಬದುಕಿಗೆ ಬಂದದ್ದು ಹೀಗೆ. ಸೋಯಾ ಸಾಸು, ಬೆಳ್ಳುಳ್ಳಿ, ವಿನೆಗರ್ ಮೂರೂ ಸೇರಿದ ಗಮಲಿನ ಕೆಳಗೆ ಸಿಗಡಿ ಮಾತ್ರವಲ್ಲ, ತಿಮಿಂಗಿಲವನ್ನೂ ಬಚ್ಚಿಡಬಹುದು. ಡಬ್ಬಿ ತಂದವನನ್ನು ಮೆಟ್ಟಿಲಲ್ಲಿ ಕಂಡರೆ ಆಂಟಿಜಿ, "ಚಾವ್‌ಮೀನಾ ಬೇಟಾ?" ಎಂದು ಕೇಳಿ, ನೂಡಲ್ಸೇ ಇರಬೇಕೆಂದು ಸುಮ್ಮನಾಗುತ್ತಿದ್ದರು. ತಿಂಗಳಿಗೊಮ್ಮೆ ಕಿಟಕಿ ಮುಚ್ಚಿ, ಆ ಏಳು ಸಿಗಡಿಗಳನ್ನು ಮೂರೂವರೆ, ಮೂರೂವರೆಯಾಗಿ ಹಂಚಿಕೊಂಡು ತಿನ್ನುತ್ತಿದ್ದೆವು.

ಮೂರನೆಯ ವರ್ಷ ಮೇಲಿನ ಕೋಣೆಗೆ ಅಲೆಮ್ಲಾ ಬಂದಳು. ನಾಗಾಲ್ಯಾಂಡಿನವಳು, ಇಪ್ಪತ್ತೈದು ಇಪ್ಪತ್ತಾರರ ವಯಸ್ಸು. ನೋಯ್ಡಾದ ಒಂದು ಚೈನೀಸ್ ಹೋಟೆಲಿನ ಬಾಗಿಲಲ್ಲಿ ನಿಂತು ಬಂದವರನ್ನು ಸ್ವಾಗತಿಸಿ ಮೇಜು ತೋರಿಸುವುದು ಅವಳ ಕೆಲಸ. "ನನ್ನ ಮುಖ ನೋಡಿದ್ರೆ ಒಳಗಿನ ಅಡುಗೆ ಅಸಲಿ ಅಂತ ಜನ ನಂಬ್ತಾರೆ ದೀದಿ. ನಾನು ಕಂಡಿರೋ ಚೀನಾ ಅಂದ್ರೆ ಸೋಯಾ ಸಾಸ್ ಬಾಟಲಿ" ಎಂದು ನಗುತ್ತಿದ್ದಳು. ಅವಳ ಹಿಂದಿಗೂ ನನ್ನ ಹಿಂದಿಗೂ ಒಂದೊಂದು ಕಾಲು ಕುಂಟು. ಹಾಗಾಗಿ ಜೊತೆಯಾಗಿ ಚೆನ್ನಾಗಿಯೇ ನಡೆದವು. ಆಂಟಿಜಿ ಅವಳಿಗೆ ಕೋಣೆ ಕೊಡುವಾಗ ನಗುವುದಕ್ಕೆ ಅವಕಾಶ ಕೊಟ್ಟಿರಲಿಲ್ಲ. ಮಾಂಸ ಮೀನು ಒಳಗೆ ತರಬಾರದು ಎಂದು ಬಾಯಿಬಿಟ್ಟೇ ಹೇಳಿದ್ದರು. ಅವಳು ಒಪ್ಪಿದ್ದಳು, ಒಪ್ಪಿದ್ದನ್ನು ಪಾಲಿಸಿದಳು. ಕೋಣೆಯಲ್ಲಿ ಚಹಾ, ಅನ್ನ, ಒಂದಿಷ್ಟು ಸೊಪ್ಪು. ಉಳಿದ ಆಸೆಗಳೆಲ್ಲ ಹೋಟೆಲಿನಲ್ಲಿ.

ಒಂದು ದಿನ ತಾರಸಿಯಲ್ಲಿ ಬಟ್ಟೆ ಹರವುವಾಗ ನನ್ನ ಏಳು ಸಿಗಡಿಯ ಗೋಳನ್ನು ಅವಳ ಮುಂದೆ ತೋಡಿಕೊಂಡೆ. ಅವಳು ಕಣ್ಣರಳಿಸಿ, "ನೀವು ತಿಂತೀರಾ?" ಎಂದಳು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆಂಟಿಜಿ ಸತ್ಸಂಗಕ್ಕೆ ಹೋಗುವ ಮಂಗಳವಾರ ಮಧ್ಯಾಹ್ನ ಅವಳಿಗೂ ರಜೆ. ನನ್ನ ಅಡುಗೆಮನೆಯಲ್ಲಿ ಪಾಠ ಶುರುವಾಯಿತು.

ನಾನು ಕೆಟ್ಟ ವಿದ್ಯಾರ್ಥಿನಿ. ಸಿಗಡಿ ಕಂಡ ಕೂಡಲೇ ನನ್ನ ಕೈ ಅರಿಸಿನದ ಡಬ್ಬಿಗೆ ಹೋಗುತ್ತಿತ್ತು, ಅವಳು ಆ ಕೈಯನ್ನು ಹಿಡಿದು ವಾಪಸ್ ತರುತ್ತಿದ್ದಳು. ತೊಳೆದ ಸಿಗಡಿಯನ್ನು ಎಳೆಯ ಮಗುವಿನ ಮೈ ಒರೆಸಿದ ಹಾಗೆ ಬಟ್ಟೆಯಲ್ಲಿ ಒತ್ತಿ ಒತ್ತಿ ಒರೆಸಬೇಕು. ಚಿಟಿಕೆ ಉಪ್ಪು, ಒಂದು ಚಮಚ ಕಾರ್ನ್‌ಫ್ಲೋರ್ ಸವರಿ ಬದಿಗಿಡಬೇಕು. ಸಾಸುಗಳನ್ನೆಲ್ಲ ಮೊದಲೇ ಒಂದು ಬಟ್ಟಲಲ್ಲಿ ಬೆರೆಸಿಟ್ಟಿರಬೇಕು. ಒಲೆ ಹಚ್ಚಿದ ಮೇಲೆ ಹುಡುಕಲು ಹೊತ್ತಿಲ್ಲ. ಬಾಣಲೆ ಹೊಗೆಯಾಡುವಷ್ಟು ಕಾಯಬೇಕು. "ಉರಿ ಸಣ್ಣ ಮಾಡ್ಬೇಡಿ ದೀದಿ, ಹೆದರ್ಬೇಡಿ" ಎಂದು ಅವಳು, ಆಯುಷ್ಯವಿಡೀ ಸಣ್ಣ ಉರಿಯಲ್ಲಿ ಕುದಿಸಿದ ನಾನು. ಸಿಗಡಿ ಅರ್ಧ ಬಾಗಿದರೆ ಬೆಂದಿದೆ, ಬಳೆಯಾದರೆ ಕೆಟ್ಟಿದೆ ಎಂಬುದು ಅವಳ ಸೂತ್ರ. ಮೊದಲ ಸಲ ನಾನು ಮಾಡಿದ್ದು ಬಳೆಯಂಗಡಿಗೆ ಹಾಕಬಹುದಿತ್ತು. ಮೂರನೆಯ ಮಂಗಳವಾರ ಕ್ಯಾಪ್ಸಿಕಂ ಹಲ್ಲಿಗೆ ಕರುಂ ಎನ್ನುವಂತೆ, ಸಿಗಡಿ ನಾಲಿಗೆಗೆ ಮೆತ್ತಗೆ, ಮೇಲೆ ಕನ್ನಡಿಯಂಥ ಹೊಳಪು. ನೆಲದ ಮೇಲೆ ಕುಳಿತು ಇಬ್ಬರೂ ಒಂದೇ ತಟ್ಟೆಯಲ್ಲಿ ತಿಂದೆವು. ಎಣಿಸಲಿಲ್ಲ.

ಆ ಬೇಸಿಗೆಯ ಒಂದು ಭಾನುವಾರ ಆಂಟಿಜಿ ಗಾಜಿಯಾಬಾದಿನ ಮಗಳ ಮನೆಗೆ ಹೊರಟರು. ಸಂಜೆಗೆ ಬರುತ್ತೇನೆ ಎಂದಿದ್ದರು. ಅಲೆಮ್ಲಾ ಬೆಳಗ್ಗೆಯೇ ಕೆಲಸಕ್ಕೆ ಹೋಗಿದ್ದಳು. ನಮ್ಮವರು ಐಎನ್ಎ ಮಾರುಕಟ್ಟೆಯಿಂದ ಸಿಗಡಿ ತಂದರು. ಸುಲಿದು, ಒರೆಸಿ, ಬಾಣಲೆಗೆ ಹಾಕಿದ್ದೆ ಅಷ್ಟೆ, ಬಾಗಿಲು ಬಡಿದ ಸದ್ದಾಯಿತು. ಮಧ್ಯಾಹ್ನದ ಒಂದು ಗಂಟೆಗೇ ಆಂಟಿಜಿ ವಾಪಸ್ ಬಂದಿದ್ದರು. ಜೊತೆಗೆ ಹರಿದ್ವಾರದ ಯಾತ್ರೆ ಮುಗಿಸಿ ಬಂದ ಅವರ ನಾದಿನಿ. ಇಬ್ಬರೂ ಮೂಗಿಗೆ ಸೆರಗು ಹಿಡಿದಿದ್ದರು. ಸಿಗಡಿಯ ಸಿಪ್ಪೆಯನ್ನು ನಾನು ಮೆಟ್ಟಿಲ ಬಳಿ ಎಲ್ಲರಿಗೂ ಸೇರಿದ್ದ ಕಸದ ಬುಟ್ಟಿಗೆ ಹಾಕಿದ್ದೆ, ಮೇ ತಿಂಗಳ ಬಿಸಿಲಿಗೆ ಅದು ಯಾರ ಗುಟ್ಟನ್ನೂ ಕಾಯುವುದಿಲ್ಲ.

ನಾನು ಅಡುಗೆಮನೆಯ ಬಾಗಿಲೆಳೆದುಕೊಂಡು ಹೊಸ್ತಿಲಲ್ಲಿ ಅಡ್ಡ ನಿಂತೆ.

"ಎಂಥ ನಾತ ಬೇಟಾ ಇದು! ನಿನಗೂ ಬರ್ತಿದೆಯಾ?"

"ಹಾಂಜಿ ಆಂಟಿಜಿ, ಬರ್ತಿದೆ" ಎಂದೆ. ಅದು ಸತ್ಯವೇ.

"ಮೇಲಿನವಳದ್ದೇ. ನನಗೆ ಮೊದಲೇ ಅನುಮಾನ ಇತ್ತು. ಏನೇನು ತಿಂತಾರೋ ಆ ಜನ!"

"ಶಾಯದ್" ಎಂದೆ.

ಇರಬಹುದು ಎಂದು ಅದರ ಅರ್ಥ. ದಿಲ್ಲಿಗೆ ಬಂದು ಕಲಿತ ಹಿಂದಿಯಲ್ಲಿ ನನಗೆ ಅಷ್ಟು ಚೆನ್ನಾಗಿ ಒದಗಿದ ಶಬ್ದ ಇನ್ನೊಂದಿಲ್ಲ.

ಅವರು ಕೆಳಗೆ ಹೋದ ಮೇಲೆ ನೋಡಿದರೆ ಸಿಗಡಿ ರಬ್ಬರಾಗಿತ್ತು. ಆದರೂ ತಿಂದೆವು. ನಮ್ಮವರು ಅಗಿಯುತ್ತಾ, "ನಮ್ಮದು ಅಂದಿದ್ರೆ ಇವತ್ತೇ ಗಂಟುಮೂಟೆ ಕಟ್ಬೇಕಿತ್ತು. ಅವಳು ಒಂಟಿ ಜೀವ, ಎಲ್ಲಾದ್ರೂ ಕೋಣೆ ಸಿಗುತ್ತೆ" ಎಂದರು. ಆ ಮಾತು ನನಗೆ ಎಷ್ಟು ಹಿತವಾಯಿತೆಂದರೆ ಇನ್ನೊಮ್ಮೆ ಹೇಳಿಸಿಕೊಳ್ಳಬೇಕು ಅನ್ನಿಸಿತು.

ಅಲೆಮ್ಲಾಗೆ ಒಂದು ವಾರದ ಗಡುವು ಸಿಕ್ಕಿತು. ಮರುದಿನ ಬೆಳಗ್ಗೆ ನಮ್ಮ ಬಾಗಿಲಿಗೆ ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ.

"ದೀದಿ, ಭಾನುವಾರ ನಾನು ಡ್ಯೂಟಿಯಲ್ಲಿದ್ದೆ ಅಂತ ಆಂಟಿಗೆ ಹೇಳಿದೆ. ನಂಬ್ಲಿಲ್ಲ. ನೀವು ಹೇಳಿದ್ರೆ ನಂಬ್ತಾರೆ. ನೀವು ಮಾಡಿದ್ದು ಅಂತ ಹೇಳ್ಬೇಡಿ. ನಾನು ಮನೇಲಿರ್ಲಿಲ್ಲ ಅಂತ ಮಾತ್ರ ಹೇಳಿ."

ಇಷ್ಟು ಸಣ್ಣದನ್ನು ಕೇಳಿದ್ದಳು. ನನ್ನನ್ನು ಉಳಿಸಿ, ತನಗೆ ಎಷ್ಟು ಬೇಕೋ ಅಷ್ಟೇ ಕತ್ತರಿಸಿ ಕೇಳಿದ್ದಳು. "ಈಗಲೇ ಹೋಗ್ತೇನೆ" ಎಂದು ಮೆಟ್ಟಿಲಿಳಿದೆ. ಆಂಟಿಜಿ ಕೂರಿಸಿದರು, ಶುಂಠಿ ಹಾಕಿದ ಚಹಾ ಕೊಟ್ಟರು. ನಾದಿನಿಗೆ ನನ್ನನ್ನು ತೋರಿಸಿ, "ನೋಡು, ಬಾಡಿಗೆಯವರು ಅಂದ್ರೆ ಇವರು. ಎಷ್ಟು ಮಡಿ, ಎಷ್ಟು ಶುಚಿ" ಎಂದರು. ನಾದಿನಿ ನನ್ನ ಅಂಗೈಗೆ ಗಂಗಾಜಲ ಹಾಕಿದರು. ಕುಡಿದೆ. ಬಾಯಿ ತೆರೆದೆ. "ಆಂಟಿಜಿ, ನೀರಿನ ಮೋಟರು ಯಾಕೋ ಸದ್ದು ಮಾಡ್ತಿದೆ" ಎಂದೆ.

ಮೋಟರಿನ ವಿಷಯ ಕಾಲು ಗಂಟೆ ಮಾತಾಡಿದೆವು.

ಮೇಲೆ ಬಂದಾಗ ಅವಳು ಮೆಟ್ಟಿಲಲ್ಲೇ ನಿಂತಿದ್ದಳು. ನನ್ನ ಮುಖ ನೋಡಿದಳು. ದಿನಕ್ಕೆ ನೂರು ಮುಖ ಓದಿ ಮೇಜು ತೋರಿಸುವವಳು, ನೇರ ತಾರಸಿಗೆ ಹತ್ತಿಹೋದಳು. ಶನಿವಾರ ಆಟೋದಲ್ಲಿ ಎರಡು ಸೂಟ್‌ಕೇಸು, ಒಂದು ಹಾಸಿಗೆ ಇಟ್ಟುಕೊಂಡು ಮುನಿರ್ಕಾಕ್ಕೆ ಹೋದಳು. ಅಲ್ಲಿ ಅವಳ ಊರಿನವರಿದ್ದಾರಂತೆ. ನಾನು ಪರದೆಯ ಹಿಂದಿನಿಂದ ನೋಡಿದೆ. ಸಾಮಾನು ಇಳಿಸಲು ಕೈಜೋಡಿಸಬಹುದಿತ್ತು. ಅದಕ್ಕೆ ಯಾವ ಮನೆಯೊಡತಿಯೂ ಯಾರನ್ನೂ ಹೊರಗೆ ಹಾಕುವುದಿಲ್ಲ.

ವರ್ಷದೊಳಗೆ ನಮಗೆ ಕ್ವಾರ್ಟರ್ಸ್ ಸಿಕ್ಕಿತು. ಪಕ್ಕದಲ್ಲಿ ಬಂಗಾಳಿಗಳು, ಎದುರಿಗೆ ಮಲಯಾಳಿಗಳು. ಕಿಟಕಿ ತೆರೆದು ಏನು ಬೇಕಾದರೂ ಹುರಿಯಬಹುದು. ಮೊದಲ ವಾರವೇ ಹೆಮ್ಮೆಯಿಂದ ಚೈನೀಸ್ ಸಿಗಡಿ ಮಾಡಿದೆ. ಒಂದೂ ಬಳೆಯಾಗಲಿಲ್ಲ. ನಮ್ಮವರು ಎರಡು ಸಲ ಬಡಿಸಿಕೊಂಡು, "ಯಾರು ಕಲಿಸಿದ್ದು ಮಾರಾಯ್ತಿ ನಿನಗೆ, ಹೋಟೆಲಿನವರು ಕೈಮುಗೀಬೇಕು" ಎಂದರು. ನಿಜಕ್ಕೂ ಮರೆತಿದ್ದರು. ಗಂಡಸರಿಗೆ ಇರುವ ಸೌಕರ್ಯಗಳಲ್ಲಿ ಇದೂ ಒಂದು.

ಕಳೆದ ಚಳಿಗಾಲ ಐಎನ್ಎ ಮಾರುಕಟ್ಟೆಯಲ್ಲಿ ಅವಳು ಸಿಕ್ಕಿದಳು. ನಾನು ಕಂಡೂ ಕಾಣದಂತೆ ಪಕ್ಕದ ಅಂಗಡಿಯ ಹಪ್ಪಳಗಳಲ್ಲಿ ಮುಖ ಹುದುಗಿಸಿದ್ದೆ, ಅವಳೇ "ದೀದಿ!" ಎಂದಳು. ಮದುವೆಯಾಗಿದೆಯಂತೆ, ಗಂಡನೂ ಅವಳೂ ಸೇರಿ ಚಿಕ್ಕದೊಂದು ಊಟದ ಅಂಗಡಿ ಇಟ್ಟಿದ್ದಾರಂತೆ. ನನ್ನ ಚೀಲ ತೆರೆದು ನೋಡಿ, "ಭಯ್ಯಾ, ಇವರಿಗೆ ಹಳೇ ಮಾಲು ಯಾಕೆ ಕೊಟ್ಟೆ?" ಎಂದು ಮೀನಿನವನೊಡನೆ ಜಗಳವಾಡಿ ತಾಜಾ ಸಿಗಡಿ ಹಾಕಿಸಿದಳು. ನಾನು ಕೊನೆಗೂ ಆ ಮಾತೆತ್ತಿದೆ.

"ಅಲೆಮ್ಲಾ, ಆ ಭಾನುವಾರ..."

"ಐಸ್ ಕರಗ್ತಿದೆ ದೀದಿ. ಮನೆಗೆ ಹೋಗಿ" ಎಂದಳು. ನಗುತ್ತಲೇ ಹೇಳಿದಳು. ನನ್ನ ತೋಳು ತಟ್ಟಿ ಜನರೊಳಗೆ ಹೊರಟುಹೋದಳು.

ಬೈದಿದ್ದರೆ ಎಷ್ಟು ಚೆನ್ನಾಗಿತ್ತು! ಬೈಸಿಕೊಂಡವರ ಪಾಪ ಅರ್ಧ ಅಲ್ಲೇ ಇಳಿಯುತ್ತದೆ. ಅಷ್ಟು ಅಗ್ಗಕ್ಕೆ ಬಿಡುಗಡೆ ಕೊಡಲು ಅವಳು ತಯಾರಿರಲಿಲ್ಲ, ಅಥವಾ ನಾನು ಅವಳಿಗೆ ಅಷ್ಟು ಮುಖ್ಯಳೇ ಆಗಿರಲಿಲ್ಲ. ಯಾವುದು ಹೆಚ್ಚು ಚುಚ್ಚುತ್ತದೆ ಎಂದು ಇನ್ನೂ ತೀರ್ಮಾನಿಸಿಲ್ಲ.

ವಾಪಸ್ ಬರುವಾಗ ಬಸ್ಸು ತುಂಬಿತ್ತು. ಪಕ್ಕದ ಸೀಟಿನ ಹೆಂಗಸು ಮೂಗು ಹಿಡಿದು ಸುತ್ತ ನೋಡಿ, "ಇದು ಯಾರದಪ್ಪಾ ವಾಸನೆ?" ಎಂದು ಗಟ್ಟಿಯಾಗಿ ಕೇಳಿದಳು. ಹಿಂದಿನ ಸೀಟಿನಲ್ಲಿ ಕಾಲೇಜಿನ ಹುಡುಗಿಯರು ಇದ್ದರು, ಮುಂದೆ ಒಬ್ಬ ಮುದುಕ. ನಾನು ಚೀಲವನ್ನು ಮಡಿಲಿಗೆತ್ತಿಕೊಂಡು, "ನನ್ನದು" ಎಂದೆ.

ಧೈರ್ಯ ಬಂತೆಂದು ನೀವು ಸಂತೋಷಪಡಬೇಡಿ. ಆ ಹೆಂಗಸು ಎರಡು ಸ್ಟಾಪ್ ಆಚೆ ಇಳಿದುಹೋದಳು. ಬಸ್ಸಿನಲ್ಲಿ ನನ್ನನ್ನು ಯಾರೂ ಮನೆ ಬಿಡಿಸುವಂತಿರಲಿಲ್ಲ.